ಮನೆಯೊಳಗಿನ ದಫ್ತರ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಎಂಬ ನಾಲ್ಕು ತಾಲ್ಲೂಕುಗಳ ಚರಿತ್ರೆಯಲ್ಲಿ ಮನೆಯೂ ಕಚೇರಿಯೂ ಬೇರೆ ಬೇರೆ ಸೂರಿನಡಿ ಇದ್ದ ಕಾಲವು ಬಹಳ ಚಿಕ್ಕದು. 2020ರ ಮಾರ್ಚ್ ತಿಂಗಳ ಲಾಕ್‌ಡೌನ್‌ನಲ್ಲಿ ಬೆಂಗಳೂರು, ಪುಣೆಗಳಿಂದ ಲ್ಯಾಪ್‌ಟಾಪ್ ಸಮೇತ ಊರಿಗೆ ಮರಳಿದ ತರುಣರು ಪಡಸಾಲೆಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೆಲಸಕ್ಕೆ ಕುಳಿತಾಗ ಅದನ್ನು ಹೊಸ ಪದ್ಧತಿಯೆಂದು ಬಗೆದವರೇ ಹೆಚ್ಚು. ಆದರೆ ಅದೇ ಪಡಸಾಲೆಯಲ್ಲಿ ಅವರ ಅಜ್ಜಂದಿರು ಮಗ್ಗ ಹೂಡಿದ್ದರು, ಕಿರ್ದಿ ಬರೆದಿದ್ದರು, ಊರಿನ ಹೊಲಗಳ ಲೆಕ್ಕವನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟಿದ್ದರು. ಮನೆಗಚೇರಿಯನ್ನು ಒಪ್ಪವಾಗಿ, ತನ್ನ ಅಭಿರುಚಿಗೆ ತಕ್ಕಂತೆ ಇಟ್ಟುಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಪೀಠೋಪಕರಣದ ಅಂಗಡಿಯಲ್ಲಿ ಉತ್ತರ ಹುಡುಕುವುದಕ್ಕೆ ಮೊದಲು, ಈ ಮೂರು ಬಗೆಯ ಹಳೆಯ ಕೆಲಸದ ಜಾಗಗಳನ್ನು ನೋಡುವುದು ಲೇಸು.

ಮೊದಲನೆಯದು ನೇಕಾರನ ಮನೆ. ರಬಕವಿ ಮತ್ತು ಬನಹಟ್ಟಿ ಇಂದು ಒಂದೇ ನಗರಸಭೆಯ ಜೋಡಿ ಊರುಗಳಾದರೂ ಸಂಸ್ಥಾನಗಳ ಕಾಲದಲ್ಲಿ ರಬಕವಿಯು ಸಾಂಗಲಿಗೂ ಬನಹಟ್ಟಿಯು ಜಮಖಂಡಿಗೂ ಸೇರಿದ್ದವು; ಅರಸರು ಬೇರೆಯಾಗಿದ್ದರೂ ಎರಡೂ ಊರುಗಳ ಓಣಿಗಳಲ್ಲಿ ಕೇಳಿಬರುತ್ತಿದ್ದುದು ಮಗ್ಗದ ಒಂದೇ ಸದ್ದು. ಇಲ್ಲಿನ ಹಳೆಯ ಮನೆಗಳಲ್ಲಿ ಬೀದಿ ಬಾಗಿಲು ದಾಟಿದೊಡನೆ ಸಿಗುತ್ತಿದ್ದುದು ಕುಣಿಮಗ್ಗ, ಅಂದರೆ ನೆಲದಲ್ಲಿ ಕುಣಿ ತೋಡಿ, ನೇಯುವವನು ಅದರ ಅಂಚಿನಲ್ಲಿ ಕುಳಿತು ಕಾಲುಗಳನ್ನು ಒಳಗೆ ಇಳಿಬಿಟ್ಟು, ತುಳಿಯುವ ಹಲಗೆಗಳನ್ನು ಒತ್ತುತ್ತ ನೇಯುವ ಮಗ್ಗ. ಕುಣಿಯ ತಂಪು ಮಣ್ಣು ನೂಲಿಗೆ ತೇವ ಒದಗಿಸುವುದರಿಂದ, ಬೇಸಗೆಯಲ್ಲಿ 40 ಡಿಗ್ರಿಯ ಬಿಸಿಲು ಕಾಣುವ ಈ ಸೀಮೆಯಲ್ಲಿಯೂ ಹಾಸು, ಎಂದರೆ ಉದ್ದಕ್ಕೆ ಬಿಗಿದ ಎಳೆಗಳು, ಪದೇ ಪದೇ ಹರಿಯುವುದಿಲ್ಲ. ಹೊಕ್ಕಿನ ಎಳೆಯನ್ನು ಅಡ್ಡಲಾಗಿ ಒಯ್ಯುವ ಲಾಳಿ, ಅದರೊಳಗೆ ಕೂಡುವ ಕಂಡಿಕೆಗಳ ಬುಟ್ಟಿ, ಹರಿದ ಎಳೆಯನ್ನು ಕೂಡಿಸುವಾಗ ಬೇಕಾಗುವ ಚಿಕ್ಕ ಕತ್ತರಿ, ಇವೆಲ್ಲ ಕುಳಿತವನು ಏಳದೆ ಕೈಚಾಚುವಷ್ಟರಲ್ಲೇ ಇರುತ್ತವೆ. ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುವ ಹೆಂಗಸರ ಜಾಗವೂ ಬುಟ್ಟಿ ಬರಿದಾದುದು ಕಣ್ಣಿಗೆ ಬೀಳುವಷ್ಟು ಸಮೀಪದಲ್ಲಿಯೇ ಇರುತ್ತದೆ.

ಇಲ್ಲಿ ಗಮನಿಸತಕ್ಕದ್ದು ವಸ್ತುಗಳ ಸಂಖ್ಯೆಯನ್ನಲ್ಲ, ಅವುಗಳ ಸಂಚಾರವನ್ನು. ನೇಕಾರನ ಮನೆಯಲ್ಲಿ ಪದಾರ್ಥಗಳು ಕಡಿಮೆಯೇನೂ ಇರುವುದಿಲ್ಲ. ನೂಲಿನ ಕಂತೆ, ಬಣ್ಣದ ಲಡಿ, ಮುಂದಿನ ಹಾಸು, ಮುಗಿದ ಸೀರೆ, ಹಳೆಯ ಹಣಿಗೆ ಹೀಗೆ ಒಂದು ಚಿಕ್ಕ ಗೋದಾಮಿಗೆ ಸಾಲುವಷ್ಟು ಸರಕು ಅಲ್ಲಿರುತ್ತದೆ. ಆದರೆ ಒಳಗೆ ಬಂದ ನೂಲು ಇಷ್ಟು ದಿನಕ್ಕೆ ಸೀರೆಯಾಗಬೇಕು, ಸೀರೆ ಇಂಥ ದಿನ ಸಾವಕಾರನ ಮನೆ ಮುಟ್ಟಬೇಕು, ಮುಟ್ಟಿದರಷ್ಟೇ ಮಜೂರಿ ಕೈಗೆ ಬರಬೇಕು ಎಂಬ ಕಟ್ಟು ಇರುವುದರಿಂದ ಪ್ರತಿಯೊಂದು ವಸ್ತುವಿಗೂ ಹೊರಡುವ ದಿನವೊಂದು ನಿಗದಿಯಾಗಿರುತ್ತದೆ. ಮನೆಗಚೇರಿಯ ಅಸ್ತವ್ಯಸ್ತತೆಯೆಂದು ಕರೆಯಲಾಗುವ ಸ್ಥಿತಿಯು ವಸ್ತುಗಳು ಹೆಚ್ಚಾದುದರಿಂದ ಬರುವುದಕ್ಕಿಂತ, ಹೊರಡುವ ದಿನವಿಲ್ಲದ ವಸ್ತುಗಳು ಒಳಗೆ ಬಂದುದರಿಂದ ಬರುತ್ತದೆ ಎಂಬುದು ಈ ಪ್ರಬಂಧದ ಮುಖ್ಯ ವಾದ.

ಎರಡನೆಯ ಮಾದರಿಯು ಅಡತಿ ಅಂಗಡಿಯವರ ಮತ್ತು ಲೇವಾದೇವಿಗಾರರ ಗಾದಿ. ನೆಲಕ್ಕೆ ಹಾಸಿದ ದಪ್ಪ ಹಾಸಿಗೆ, ಅದರ ಮೇಲೆ ಬಿಳಿಯ ಬಟ್ಟೆ, ಬೆನ್ನಿಗೆ ಲೋಡು, ಮುಂದೆ ಇಳಿಜಾರು ಮುಚ್ಚಳದ ಗಿಡ್ಡ ಪೆಟ್ಟಿಗೆ. ಆ ಮುಚ್ಚಳವೇ ಬರೆಯುವ ಮೇಜು, ಒಳಭಾಗವೇ ತಿಜೋರಿ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಬರೆಯುವ ಕಿರ್ದಿಯು ಸದಾ ತೆರೆದಿರುತ್ತಿತ್ತು; ಅದರಿಂದ ಒಬ್ಬೊಬ್ಬ ಗಿರಾಕಿಯ ಹೆಸರಿಗೆ ಎತ್ತಿ ಬರೆಯುವ ಖಾತಾವಣಿಯು ಸಂಜೆಗೊಮ್ಮೆ ತೆರೆಯುತ್ತಿತ್ತು. ಎರಡೇ ಪುಸ್ತಕ, ಎರಡೇ ಹೊತ್ತು. ಇಂದಿನ ಲೆಕ್ಕದ ತಂತ್ರಾಂಶಗಳು ಒಳಗೆ ಮಾಡುವುದೂ ಇದನ್ನೇ ಆದರೂ, ಗಾದಿಯ ಮೇಲೆ ಕುಳಿತವನಿಗೆ ಪೆಟ್ಟಿಗೆಯ ಮುಚ್ಚಳ ತೆರೆಯಬೇಕಾದರೆ ಮೇಲಿದ್ದ ಕಾಗದಗಳನ್ನೆಲ್ಲ ತೆಗೆಯಲೇಬೇಕಾಗುತ್ತಿದ್ದುದರಿಂದ ಮೇಜಿನ ಮೇಲೆ ರಾಶಿ ಬೀಳುವ ಅವಕಾಶವೇ ಇರಲಿಲ್ಲ. ಅಗಲವಾದ ಮೇಜು ಕೊಂಡವರೆಲ್ಲ ಅದರ ಅಗಲದಷ್ಟೇ ಕಾಗದವನ್ನೂ ಕೂಡಿಹಾಕಿಕೊಂಡಿರುವುದನ್ನು ನೋಡಿದರೆ, ಗಿಡ್ಡ ಪೆಟ್ಟಿಗೆಯನ್ನು ಮಾಡಿದ ಅನಾಮಿಕ ಬಡಿಗನಿಗೆ ಮನುಷ್ಯ ಸ್ವಭಾವ ಚೆನ್ನಾಗಿ ತಿಳಿದಿತ್ತೆನ್ನಬೇಕು.

ಮೂರನೆಯದು, ಕಚೇರಿ ಎಂಬ ಹೆಸರಿಗೆ ಎಲ್ಲಕ್ಕಿಂತ ಹೆಚ್ಚು ತಕ್ಕುದು, ಕುಲಕರ್ಣಿಯ ದಫ್ತರ. ಊರಿನ ಭೂಮಿ, ಕಂದಾಯ, ಬೆಳೆಗಳ ಲೆಕ್ಕವನ್ನು ವಂಶಪಾರಂಪರ್ಯವಾಗಿ ಬರೆಯುತ್ತಿದ್ದ ಕುಲಕರ್ಣಿಯು ಸರಕಾರದ ಕಾಗದಗಳನ್ನು ತನ್ನ ಮನೆಯಲ್ಲಿಯೇ ಇಟ್ಟುಕೊಳ್ಳುತ್ತಿದ್ದನು. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ, ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿ ಇವು ಬೇರೆ ಬೇರೆ ಆಡಳಿತಗಳಾದರೂ, ಮರಾಠಿಯ ಅವಸರದ ಬರವಣಿಗೆಗೆಂದು ಬೆಳೆದ ಮೋಡಿ ಲಿಪಿಯ ಕಾಗದಗಳು ಈ ಸೀಮೆಯ ಮನೆಗಳಲ್ಲಿ ಕನ್ನಡದ ಕಾಗದಗಳ ಜೊತೆಯಲ್ಲಿಯೇ ಉಳಿದು ಬಂದಿವೆ. ಈ ಕಾಗದಗಳನ್ನು ವಿಷಯವಾರು ಕಟ್ಟಿ, ಚೌಕನೆಯ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿಡುವುದು ಪದ್ಧತಿ. ಅಂಥ ಬಟ್ಟೆಯ ಗಂಟಿಗೆ ರುಮಾಲು ಎಂದು ಹೆಸರು, ಪುಣೆಯ ಪೇಶವೆ ದಫ್ತರದ ಕಾಗದಗಳನ್ನೂ ರುಮಾಲುಗಳ ಲೆಕ್ಕದಲ್ಲಿಯೇ ಎಣಿಸಲಾಗುತ್ತದೆ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಜಂತಿಗಳ ಸಂದಿನಿಂದ ಸದಾ ಮಣ್ಣುದುರುವುದರಿಂದ ಬಟ್ಟೆಯ ಹೊದಿಕೆಯು ಅಲಂಕಾರಕ್ಕಿಂತ ಅಗತ್ಯವೇ ಆಗಿತ್ತು; ಜೊತೆಗೆ ಬಟ್ಟೆಯು ಗಾಳಿಯಾಡಲು ಬಿಡುವುದರಿಂದ ಒಳಗಿನ ಕಾಗದ ಮುಗ್ಗುಲು ಹಿಡಿಯುತ್ತಿರಲಿಲ್ಲ. ಪ್ಲಾಸ್ಟಿಕ್ ಫೈಲಿನೊಳಗೆ ಬೆವತು ಒಂದಕ್ಕೊಂದು ಅಂಟಿಕೊಂಡ ಜೆರಾಕ್ಸ್ ಪ್ರತಿಗಳನ್ನು ಬಿಡಿಸಲು ಹೋದವರಿಗೆ ಈ ಮಾತಿನ ಬೆಲೆ ಗೊತ್ತು. 1950ರ ಮುಂಬಯಿ ಕಾಯ್ದೆಯು ಪರಗಣಾ ಮತ್ತು ಕುಲಕರ್ಣಿ ವತನಗಳನ್ನು, ಅಂದರೆ ವಂಶಪಾರಂಪರ್ಯದ ಹುದ್ದೆಯ ಹಕ್ಕುಗಳನ್ನು, ರದ್ದುಪಡಿಸಿತು. ಅಧಿಕಾರ ಹೋಯಿತು, ಆದರೆ ಅನೇಕ ವಾಡೆಗಳ ಅಟ್ಟದ ಮೇಲೆ ಗಂಟುಗಳು ಉಳಿದವು.

ಈಗಿನ ಮನೆಗಚೇರಿಗಳಲ್ಲಿ ಏನೇನು ತುಂಬಿದೆಯೆಂಬುದು ಊರಿಂದ ಊರಿಗೆ ಬೇರೆಯಾಗುತ್ತದೆ. ವಿದ್ಯುತ್ ಮಗ್ಗಗಳು ಬಂದ ಮೇಲೆ ರಬಕವಿ-ಬನಹಟ್ಟಿಯ ಮಗ್ಗಗಳು ಹಿತ್ತಲಿನ ಶೆಡ್ಡಿಗೆ ಸರಿದು, ಮುಂದಿನ ಕೋಣೆಯು ಸೀರೆಯ ಗಂಟು, ಕೊರಿಯರ್ ಚೀಲ, ಜಿಎಸ್‌ಟಿ ಬಿಲ್ಲುಗಳ ಕೋಣೆಯಾಯಿತು, ಅದರ ಮೇಲೆ ಹತ್ತಿಯ ಸಣ್ಣ ಧೂಳು ದಿನವೂ ಹೊಸ ಪದರವಾಗಿ ಕೂರುತ್ತದೆ. ಮುಧೋಳದ ಕಡೆಯ ರೈತನ ಮೇಜಿನ ಮೇಲೆ ಸಕ್ಕರೆ ಕಾರ್ಖಾನೆಯ ತೂಕದ ಚೀಟಿ, ಸೊಸಾಯಿಟಿಯ ಸಾಲದ ಪುಸ್ತಕ, ಗೊಬ್ಬರದ ರಸೀದಿ, ಹೊಲದ ಉತಾರ, ಅಂದರೆ ಹಕ್ಕಿನ ದಾಖಲೆ. ಜಮಖಂಡಿಯಲ್ಲಿ ವಕೀಲರ ಕಟ್ಟುಗಳು, ಶಿಕ್ಷಕರ ಉತ್ತರಪತ್ರಿಕೆಗಳು, ವಿಮಾ ಏಜೆಂಟರ ಡೈರಿಗಳು. ಇವೆಲ್ಲ ಎಲ್ಲೆಡೆಯೂ ಇರುವ ಕಾಗದಗಳೇ.

ಬೀಳಗಿಯದು ಬೇರೆ ಕಥೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈ ತಾಲ್ಲೂಕಿನ ಕೃಷ್ಣಾ ತೀರದ ಹಳ್ಳಿಗಳನ್ನು ಮುಳುಗಿಸುತ್ತ ಬಂದು, 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಮಟ್ಟಕ್ಕೆ ಅನುಮತಿ ನೀಡಿದ ನಂತರ ಮತ್ತಷ್ಟು ಭೂಮಿ ನೀರಿಗೆ ಸಂದಿತು. ಹೀಗೆ ಊರು ಬಿಟ್ಟ ಮನೆತನಗಳಲ್ಲಿ ಭೂಸ್ವಾಧೀನದ ನೋಟಿಸು, ಪರಿಹಾರದ ಆದೇಶದ ಪ್ರತಿ, ಹೆಚ್ಚಿನ ಪರಿಹಾರಕ್ಕೆ ಹೂಡಿದ ದಾವೆಯ ಕಾಗದ, ಪುನರ್ವಸತಿ ಕೇಂದ್ರದ ನಿವೇಶನದ ಹಕ್ಕುಪತ್ರ, ಮುಳುಗಿದ ಮನೆಯ ಅಳತೆಯ ಪಟ್ಟಿ ಇವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಆಸ್ತಿಯಂತೆಯೇ ಹೋಗುತ್ತವೆ. ಹೊಲವೇ ನೀರಿನಡಿ ಇರುವಾಗ ಹೊಲದ ಕಾಗದವನ್ನು ಹಳೆಯದೆಂದು ಎಸೆಯಲು ಬರುವುದಿಲ್ಲ; ಆ ಕುಟುಂಬದ ಮಟ್ಟಿಗೆ ಆ ಕಾಗದವೇ ಹೊಲ. ಜಪಾನಿನ ಮರೀ ಕೊಂಡೊ 2011ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಜಗತ್ತಿನಾದ್ಯಂತ ಹರಡಿದ ವಿಧಾನವು, ವಸ್ತುವನ್ನು ಕೈಯಲ್ಲಿ ಹಿಡಿದಾಗ ಮನಸ್ಸಿಗೆ ಸಂತೋಷವಾದರೆ ಇಟ್ಟುಕೊಂಡು ಇಲ್ಲವಾದರೆ ಬೀಳ್ಕೊಡಬೇಕೆಂದು ಹೇಳುತ್ತದೆ. ಭೂಸ್ವಾಧೀನದ ನೋಟಿಸನ್ನು ಕೈಯಲ್ಲಿ ಹಿಡಿದು ಸಂತೋಷಪಟ್ಟವರು ಬೀಳಗಿ ತಾಲ್ಲೂಕಿನಲ್ಲಿ ಸಿಗಲಿಕ್ಕಿಲ್ಲ. ಆದರೂ ಮನೆಯಲ್ಲಿ ಮೊದಲು ಕಾಪಾಡತಕ್ಕ ಕಾಗದ ಅದೇ. ಕೊಂಡೊ ಅವರೂ ಕಾಗದಪತ್ರಗಳಿಗೆ ಬೇರೆಯೇ ನಿಯಮ ಹೇಳಿದ್ದಾರೆ; ಅನುಯಾಯಿಗಳು ಆ ಅಧ್ಯಾಯವನ್ನು ಬೇಗ ದಾಟಿಬಿಡುತ್ತಾರೆ.

ಇದಕ್ಕಿಂತ ಈ ಸೀಮೆಗೆ ಒಗ್ಗುವ ವಿಧಾನವನ್ನು ಇನ್ನೊಬ್ಬ ಜಪಾನೀಯರು, ಯುಕಿಯೊ ನೊಗುಚಿ ಎಂಬ ಅರ್ಥಶಾಸ್ತ್ರಜ್ಞರು, 1993ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ವಿಷಯವಾರು ವಿಂಗಡಣೆಯನ್ನು ಕೈಬಿಟ್ಟು, ಪ್ರತಿಯೊಂದು ಕೆಲಸದ ಕಾಗದಗಳನ್ನು ಒಂದೊಂದು ದೊಡ್ಡ ಲಕೋಟೆಯಲ್ಲಿ ಹಾಕಿ, ಹೆಸರು ಬರೆದು, ಕಪಾಟಿನ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಬೇಕು. ಯಾವ ಲಕೋಟೆಯನ್ನು ಹೊರತೆಗೆದು ಬಳಸಿದರೂ ಮರಳಿ ಇಡುವಾಗ ಸಾಲಿನ ಎಡತುದಿಗೇ ಇಡಬೇಕು. ತಿಂಗಳುಗಳು ಉರುಳಿದಂತೆ ಬಳಕೆಯಲ್ಲಿರುವುದೆಲ್ಲ ಎಡಕ್ಕೂ ಬಳಸದೆ ಉಳಿದದ್ದೆಲ್ಲ ಬಲಕ್ಕೂ ತಾನಾಗಿಯೇ ಸರಿಯುತ್ತದೆ, ಆಗ ಶೋಧಿಸಬೇಕಾದದ್ದು ಬಲತುದಿಯ ಕೆಲವು ಲಕೋಟೆಗಳನ್ನು ಮಾತ್ರ. ಲಾಳಿಯು ಎಡಕ್ಕೂ ಬಲಕ್ಕೂ ಓಡಾಡುವುದನ್ನು ನೋಡುತ್ತ ಬೆಳೆದ ಬನಹಟ್ಟಿಯವರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕಾಗಿಲ್ಲ.

ಬಲತುದಿಗೆ ಬಂದುದನ್ನೆಲ್ಲ ಎಸೆಯಬಹುದೆಂದಲ್ಲ; ಅಲ್ಲಿ ಕಾನೂನಿನ ಗಡುವನ್ನು ನೋಡಬೇಕು. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿ ಕಾಯ್ದೆಯ ಪ್ರಕಾರ ವ್ಯಾಪಾರದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಆ ಕೊನೆಯ ದಿನವು ಸಾಮಾನ್ಯವಾಗಿ ಮುಂದಿನ ಆರ್ಥಿಕ ವರ್ಷದ ಡಿಸೆಂಬರ್ 31 ಆಗಿರುವುದರಿಂದ, 2024-25ರ ಸೀರೆ ಬಿಲ್ಲುಗಳು 2031ರ ಡಿಸೆಂಬರ್ ಅಂತ್ಯದವರೆಗೆ ಮನೆಯಲ್ಲಿರಬೇಕು. ಮೇಲ್ಮನವಿ ಅಥವಾ ತನಿಖೆ ಬಾಕಿಯಿದ್ದರೆ ಅದು ಇತ್ಯರ್ಥವಾದ ಮೇಲೂ ಒಂದು ವರ್ಷ ಇಡಬೇಕಾಗುತ್ತದೆ. ಹೀಗೆ ಲಕೋಟೆಯ ಮೇಲೆ ಒಳಗಿನ ವಿಷಯದ ಜೊತೆಗೆ ಹೊರಡುವ ತಾರೀಖನ್ನೂ ಬರೆದಿಟ್ಟರೆ, ನೇಕಾರನ ಸೀರೆಗಿದ್ದ ಗುಣವು ಬಿಲ್ಲಿಗೂ ಬರುತ್ತದೆ. ಉತಾರ, ವಾಟಣಿ (ಆಸ್ತಿ ಪಾಲು) ಪತ್ರ, ಖರೀದಿ ಪತ್ರ, ಪರಿಹಾರದ ಕಾಗದ ಇವುಗಳಿಗೆ ಮಾತ್ರ ಹೊರಡುವ ತಾರೀಖಿಲ್ಲ. ಆದ್ದರಿಂದ ಇವನ್ನು ದಿನಬಳಕೆಯ ಸಾಲಿನಲ್ಲಿ ನಿಲ್ಲಿಸದೆ, ಬೇರೆಯಾಗಿ, ಎತ್ತರದಲ್ಲಿ ಇಡಬೇಕು.

ಎತ್ತರದಲ್ಲಿ ಎಂಬ ಮಾತಿಗೆ ಇಲ್ಲಿ ಕಾರಣವಿದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ಕಾಣುವ ಈ ಒಣಸೀಮೆಗೆ ನೀರಿನ ಅಪಾಯ ಬರುವುದು ತನ್ನ ಮಳೆಯಿಂದಲ್ಲ, ಪಶ್ಚಿಮಘಟ್ಟದಲ್ಲಿ ಸುರಿದು ಕೃಷ್ಣಾ, ಘಟಪ್ರಭಾ ನದಿಗಳಲ್ಲಿ ಹರಿದುಬರುವ ಮಳೆಯಿಂದ. 2019ರ ಆಗಸ್ಟಿನಲ್ಲಿ ಮುಧೋಳವೂ ಜಮಖಂಡಿ ತಾಲ್ಲೂಕಿನ ನದೀತೀರದ ಹಳ್ಳಿಗಳೂ ಪ್ರವಾಹಕ್ಕೆ ಸಿಕ್ಕಾಗ, ಮನೆಯ ಕೆಳಗಿನ ಡ್ರಾವರುಗಳಲ್ಲಿದ್ದ ಕಾಗದಗಳು ಮೊದಲು ನೆಂದವು. ತಳದ ಡ್ರಾವರಿನಲ್ಲಿ ಭಾರದ ಫೈಲು ಇಡಬೇಕೆಂಬ ಪೀಠೋಪಕರಣಗಳ ಶಾಸ್ತ್ರವನ್ನು ನದಿಯ ದಂಡೆಯವರು ತಲೆಕೆಳಗು ಮಾಡಿ, ತಳದಲ್ಲಿ ತಂತಿ, ಚಾರ್ಜರು, ಪ್ಯಾಕಿಂಗ್ ಸಾಮಾನುಗಳನ್ನೂ ತಲೆಯ ಎತ್ತರಕ್ಕೆ ಆಸ್ತಿಯ ಕಾಗದಗಳನ್ನೂ ಇಡುವುದು ಮೇಲು. ವರಲಿ ಹುಳುವೂ ನೆಲದಿಂದಲೇ ಮೇಲೇರುತ್ತದೆ. ಗೋಡೆಗೆ ತಾಗದಂತೆ ನಾಲ್ಕು ಬೆರಳು ಸಂದು ಬಿಟ್ಟು ಕಪಾಟು ನಿಲ್ಲಿಸಿದರೆ ಅದರ ಮಣ್ಣಿನ ಗೆರೆ ಬೇಗ ಕಣ್ಣಿಗೆ ಬೀಳುತ್ತದೆ.

ಇನ್ನು ಅಭಿರುಚಿಯ ಮಾತು. ಪತ್ರಿಕೆಗಳ ಚಿತ್ರಗಳಲ್ಲಿ ಕಾಣುವ ಮನೆಗಚೇರಿಯು ಬಹುಪಾಲು ಬಿಳಿಯ ಮೇಜು, ಬೂದು ಗೋಡೆ ಮತ್ತು ಒಂದು ಹಸಿರು ಕುಂಡದ ಸಂಯೋಜನೆಯಾಗಿರುತ್ತದೆ. ಎರೆಮಣ್ಣಿನ ಧೂಳು ಹಾರುವ ಊರಿನಲ್ಲಿ ಬಿಳಿಯ ಮೇಜನ್ನು ಆರಿಸಿದವನು ದಿನಕ್ಕೆರಡು ಸಲ ಒರೆಸುವ ನೌಕರಿಯನ್ನೂ ಅದರ ಜೊತೆಗೆ ಆರಿಸಿರುತ್ತಾನೆ. ಹಳೆಯ ಮನೆಯ ದಪ್ಪ ಗೋಡೆಯಲ್ಲಿರುವ ಮಾಡಗಳು, ಅಂದರೆ ದೀಪ ಇಡಲೆಂದು ಗೋಡೆಯಲ್ಲಿಯೇ ಬಿಟ್ಟ ಗೂಡುಗಳು, ಈಗ ಚಿಕ್ಕ ವಸ್ತುಗಳನ್ನು ಇಡಲು ಅಂಗಡಿಯ ಯಾವ ಕಪಾಟಿಗಿಂತಲೂ ಅನುಕೂಲವಾಗಿವೆ, ಏಕೆಂದರೆ ಅವು ನೆಲದ ಜಾಗವನ್ನು ತಿನ್ನುವುದಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬೆಳಕು ಪರದೆಯ ಮೇಲೆ ನೇರವಾಗಿ ಬೀಳದಂತೆ ಮೇಜನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರೆ ಹಗಲು ದೀಪದ ಅಗತ್ಯವಿಲ್ಲ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಒಟ್ಟುಗೂಡಿಸಿ ಹೊಲಿದ ಕೌದಿಯು ಕುರ್ಚಿಯ ಮೇಲೆ ಮಡಿಸಿ ಹಾಕಲು ಆಗುತ್ತದೆ, ಬೇಸಗೆಯಲ್ಲಿ ರೆಕ್ಸಿನ್ನಿನಂತೆ ಬೆನ್ನಿಗೆ ಅಂಟುವುದಿಲ್ಲ, ಮತ್ತು ಅದರ ಒಂದೊಂದು ತುಂಡೂ ಮನೆಯವರು ಉಟ್ಟ ಬಟ್ಟೆಯೇ ಆಗಿರುವುದರಿಂದ ಅಂಥದೇ ಇನ್ನೊಂದು ಯಾವ ಕಚೇರಿಯಲ್ಲಿಯೂ ಇರಲಾರದು. ವಾಸ್ತುವಿನ ಸಲಹೆಗಾರರು ಮೇಜನ್ನು ಈಶಾನ್ಯಕ್ಕೆ ತಿರುಗಿಸಲು ಹೇಳಿದಾಗ ಇನ್‌ವರ್ಟರಿನ ಪ್ಲಗ್ಗು ಯಾವ ದಿಕ್ಕಿನಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕೋಣೆಯ ಅಡ್ಡಕ್ಕೆ ಎಳೆದ ವೈರಿಗೆ ಎಡವಿ ಬಿದ್ದರೆ ಯಾವ ದಿಕ್ಕೂ ಕೈಹಿಡಿಯುವುದಿಲ್ಲ.

ತನ್ನ ಕಸುಬನ್ನು ಬಚ್ಚಿಡುವ ಕಚೇರಿಗೆ ಸ್ವಂತ ಶೈಲಿ ಬರುವುದು ಕಷ್ಟ. ಮುಧೋಳದಲ್ಲಿ ಹುಟ್ಟಿದ ರನ್ನನು ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದು ಪಡೆದ ಮೇಲೂ, 993ರಲ್ಲಿ ಮುಗಿಸಿದ ಅಜಿತಪುರಾಣದಲ್ಲಿ ತಾನು ಬಳೆಗಾರರ ಕುಲದವನೆಂಬುದನ್ನೂ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆಯರ ಹೆಸರನ್ನೂ ಹೇಳಿಕೊಂಡನು. ಆ ಊರಿನ ಆಸುಪಾಸಿನವರು ಸೀರೆಯ ಗಂಟುಗಳನ್ನು ಪರದೆಯ ಹಿಂದೆ ತುರುಕಿ, ಮುಂದೆ ವಿದೇಶದ ಕಡಲತೀರದ ಚಿತ್ರ ತೂಗುಹಾಕುವುದು ವಿಚಿತ್ರವಾಗಿ ಕಾಣುತ್ತದೆ. ಬಣ್ಣವಾರು ಜೋಡಿಸಿದ ನೂಲಿನ ಲಡಿಗಳ ತೆರೆದ ಹಲಗೆಯು ನೇಕಾರ-ವ್ಯಾಪಾರಿಯ ಕಚೇರಿಗೆ ಗೋಡೆಯ ಚಿತ್ರವೂ ಹೌದು, ದಾಸ್ತಾನಿನ ಪಟ್ಟಿಯೂ ಹೌದು: ಯಾವ ಬಣ್ಣ ತೀರುತ್ತ ಬಂದಿದೆಯೆಂದು ಕುಳಿತಲ್ಲಿಂದಲೇ ತಿಳಿಯುತ್ತದೆ. ವಕೀಲನಿಗೆ ಮುಂದಿನ ತಾರೀಖುಗಳ ಹಲಗೆ, ಶಿಕ್ಷಕಿಗೆ ತರಗತಿವಾರು ಪುಸ್ತಕಗಳ ಸಾಲು, ರೈತನಿಗೆ ಗೋಡೆಗೆ ಹಚ್ಚಿದ ಹೊಲದ ನಕಾಶೆ ಇದೇ ಕೆಲಸವನ್ನು ಮಾಡುತ್ತವೆ.

ಕೋಣೆಯನ್ನು ಒಮ್ಮೆ ಓರಣಗೊಳಿಸುವುದಕ್ಕಿಂತ ಹಾಗೆಯೇ ಉಳಿಸಿಕೊಳ್ಳುವುದು ಕಷ್ಟವೆಂಬುದು ಎಲ್ಲರ ಅನುಭವ. ಇದಕ್ಕೆ ಬೇರೆ ವೇಳಾಪಟ್ಟಿ ಹಾಕಿಕೊಳ್ಳಬೇಕಾದ ಅಗತ್ಯ ಈ ಸೀಮೆಯಲ್ಲಿಲ್ಲ. ಮಹಾನವಮಿಯ ಖಂಡೇಪೂಜೆಗೆ, ಅಂದರೆ ಕಸುಬಿನ ಸಾಧನಗಳ ಪೂಜೆಗೆ, ಮಗ್ಗ, ತಕ್ಕಡಿ, ಟ್ರ್ಯಾಕ್ಟರುಗಳನ್ನು ತೊಳೆದು ಒರೆಸುವ ಮನೆಗಳಲ್ಲಿ ಕಂಪ್ಯೂಟರಿನ ಹಿಂದಿನ ವೈರುಗಳ ಜಡೆಯನ್ನು ಬಿಡಿಸಿ, ಕೆಟ್ಟ ಚಾರ್ಜರುಗಳನ್ನು ಹೊರಹಾಕಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೊಸ ಕಿರ್ದಿಯನ್ನಿಟ್ಟು ಪೂಜಿಸುವ ವ್ಯಾಪಾರಿಯು, ಸರಕಾರದ ವರ್ಷವು ಮಾರ್ಚ್ 31ಕ್ಕೆ ಮುಗಿಯುವುದಾದರೂ, ಗಡುವು ತೀರಿದ ಲಕೋಟೆಗಳನ್ನು ಆ ವಾರದಲ್ಲಿ ಬಲತುದಿಯಿಂದ ತೆಗೆಯಬಹುದು. ಪೂಜೆಗೆ ಮುಂಚೆ ಶುಚಿಯಾಗದ ಕೋಣೆಯು ಮತ್ತಾವ ನಿರ್ಧಾರದಿಂದಲೂ ಶುಚಿಯಾಗುವ ಸಂಭವ ಕಡಿಮೆ.

ಹೀಗೆ ತೆಗೆಯುವ ಉತ್ಸಾಹವು ಅಟ್ಟವನ್ನು ತಲುಪಿದಾಗ ಮಾತ್ರ ಕೈ ತಡೆಯಬೇಕು. ಅಲ್ಲಿ ಬಟ್ಟೆಯಲ್ಲಿ ಸುತ್ತಿದ, ಓದಲು ಬಾರದ ಬರವಣಿಗೆಯ ಗಂಟು ಸಿಕ್ಕಿದರೆ ಅದು ಸಂಸ್ಥಾನ ಕಾಲದ ಊರಿನ ಹೊಲ, ಕೆರೆ, ದೇವಸ್ಥಾನ, ಮಗ್ಗಗಳ ಲೆಕ್ಕವಾಗಿರುವ ಸಾಧ್ಯತೆಯಿದೆ, ರದ್ದಿಯ ಅಂಗಡಿಯವನು ಅದನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ. ಹಸ್ತಪ್ರತಿಗಳನ್ನು ಕೂಡಿಸಿ ಕಾಪಾಡುತ್ತ ಬಂದಿರುವ, 1939ರಲ್ಲಿ ಆರಂಭವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು ಜಮಖಂಡಿಯಿಂದ ಒಂದು ದಿನದ ಪ್ರಯಾಣದಲ್ಲಿ ಹೋಗಿ ಬರುವಷ್ಟು ದೂರದಲ್ಲಿದೆ. ಗಂಟನ್ನು ಬಿಚ್ಚದೆ, ಕಾಗದಗಳ ಕ್ರಮವನ್ನು ಕೆಡಿಸದೆ, ಮೋಡಿ ಬಲ್ಲವರಿಗೆ ಒಮ್ಮೆ ತೋರಿಸಿದ ನಂತರವೇ ಅದನ್ನು ಇಡುವುದೋ ಕೊಡುವುದೋ ಎಂಬುದನ್ನು ಮನೆಯವರು ತೀರ್ಮಾನಿಸಬೇಕು.